ಅಮ್ಮನ ಅಪ್ಪಣೆ

ನಡುರಾತ್ರಿ ಬಾಗಿಲು ಮುರಿಯಿತು. ಆಗ ಬಿಹಾರದಲ್ಲಿದ್ದ, ಈಗ ಜಾರ್ಖಂಡಿಗೆ ಸೇರಿರುವ ಸಿಂಗಭೂಮ್ ಸೀಮೆಯಲ್ಲಿ ಹೋ ಬುಡಕಟ್ಟಿನ ಮುಖಂಡನೊಬ್ಬನ ಮಣ್ಣಿನ ಮನೆ ಅದು. ಮಲಗಿದ್ದವನು ಎದ್ದು ಕೊಡಲಿ ಹಿಡಿದು ನುಗ್ಗಿದ; ವೈದ್ಯರೂ ಪೊಲೀಸರೂ ಕೂಡಿದ ತಂಡ ಅವನನ್ನು ನೆಲಕ್ಕೆ ಒತ್ತಿ ಹಿಡಿದು ತೋಳಿಗೆ ಸಿಡುಬಿನ ಲಸಿಕೆ ಚುಚ್ಚಿತು. ಹೆಂಡತಿ ಸುಮ್ಮನೆ ಬಿಡಲಿಲ್ಲ, ವೈದ್ಯನೊಬ್ಬನ ಕೈಯನ್ನು ಕಚ್ಚಿದಳು; ಅವಳಿಗೂ ಚುಚ್ಚಿದರು. ಎಲ್ಲ ಮುಗಿದ ಮೇಲೆ ಆ ಮನುಷ್ಯ ಓಡಿಹೋಗಲಿಲ್ಲ, ಬಯ್ಯಲೂ ಇಲ್ಲ. ಹಿತ್ತಲಿಗೆ ಹೋಗಿ ಬಳ್ಳಿಯಲ್ಲಿ ಉಳಿದಿದ್ದ ಒಂದೇ ಒಂದು ಸೌತೆಕಾಯಿ ಕಿತ್ತು ತಂದು, ಹೆಂಡತಿ ಯಾರ ಕೈ ಕಚ್ಚಿದ್ದಳೋ ಅದೇ ವೈದ್ಯನ ಕೈಗಿಟ್ಟ.

ಬಂದವರು ತಬ್ಬಿಬ್ಬಾದರು. ಅವನು ಹೇಳಿದ್ದರ ಸಾರ ಇಷ್ಟು: ಯಾರಿಗೆ ರೋಗ ಬರಬೇಕು, ಯಾರಿಗೆ ಬರಬಾರದು ಎಂಬುದು ದೇವರಿಗೆ ಬಿಟ್ಟದ್ದು. ಅದಕ್ಕೆ ಅಡ್ಡ ಬರುವವರನ್ನು ತಡೆಯುವುದು ನನ್ನ ಧರ್ಮ, ತಡೆದೆ. ಚುಚ್ಚುವುದು ನಿಮ್ಮ ಧರ್ಮವೆಂದಿರಿ, ಚುಚ್ಚಿದಿರಿ. ಅದು ಅಲ್ಲಿಗೆ ಮುಗಿಯಿತು. ಈಗ ನೀವು ನನ್ನ ಮನೆಗೆ ಬಂದ ಅತಿಥಿಗಳು, ಬಂದವರಿಗೆ ತಿನ್ನಲು ಕೊಡುವುದೂ ನನ್ನ ಧರ್ಮವೇ.

1970ರ ದಶಕದ ನಡುವಿನ ಈ ಪ್ರಸಂಗವನ್ನು 1978ರಲ್ಲಿ ಬರೆದು ಪ್ರಕಟಿಸಿದವರು ಅದೇ ಸಿಡುಬು ನಿರ್ಮೂಲನ ಅಭಿಯಾನದಲ್ಲಿ ದುಡಿದ ಅಮೆರಿಕದ ವೈದ್ಯ ಲ್ಯಾರಿ ಬ್ರಿಲಿಯಂಟ್ ಮತ್ತು ಅವರ ಪತ್ನಿ ಗಿರಿಜಾ. ಬ್ರಿಲಿಯಂಟ್ ಈ ಕೆಲಸಕ್ಕೆ ಬಂದದ್ದೂ ಸರಳ ದಾರಿಯಲ್ಲೇನಲ್ಲ. ಹಿಮಾಲಯದ ಬುಡದ ಕೈಂಚಿ ಆಶ್ರಮದಲ್ಲಿ ನೀಮ್ ಕರೋಲಿ ಬಾಬಾ ಅವರ ಶಿಷ್ಯನಾಗಿ ಕೂತಿದ್ದವರನ್ನು, ಹೋಗಿ ವಿಶ್ವ ಆರೋಗ್ಯ ಸಂಸ್ಥೆ ಸೇರು, ಸಿಡುಬು ತೊಲಗುತ್ತದೆ ಎಂದು ಕಳಿಸಿದವರು ಸ್ವತಃ ಬಾಬಾ. ಅಂದಮೇಲೆ ಆ ರಾತ್ರಿ ಎದುರುಬದುರಾದದ್ದು ವಿಜ್ಞಾನ ಮತ್ತು ಮೌಢ್ಯ ಎಂದು ಬರೆದರೆ ಅರ್ಧ ಸತ್ಯವಾದೀತು. ಕೊಡಲಿಯ ಕಡೆಗೂ ದೇವರ ಇಚ್ಛೆಯಿತ್ತು, ಸೂಜಿಯ ಕಡೆಗೂ ದೇವರ ಇಚ್ಛೆಯಿತ್ತು.

ಸೂಜಿ ಗೆದ್ದಿತು. ಸಿಡುಬು ತಗಲಿದ ಹತ್ತು ಮಂದಿಯಲ್ಲಿ ಸುಮಾರು ಮೂವರನ್ನು ಕೊಲ್ಲುತ್ತಿದ್ದ ರೋಗ ಅದು. ಭಾರತದಲ್ಲಿ ಅದು ಕೊನೆಯ ಬಾರಿ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರ ಮೇ 8ರಂದು ಲೋಕವೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಲಾಯಿತು. ಆ ಮುಖಂಡನ ಮೊಮ್ಮಕ್ಕಳ ತಲೆಮಾರಿಗೆ ಸಿಡುಬಿನ ಕಲೆಯ ಮುಖ ಹೇಗಿರುತ್ತದೆ ಎಂದೇ ಗೊತ್ತಿಲ್ಲ. ಹಾಗಾದರೆ ಬಾಗಿಲು ಮುರಿದದ್ದು ಸರಿಯೇ? ಅಭಿಯಾನದ ಕೊನೆಯ ಹಂತದ ಇಂಥ ಬಲವಂತಗಳನ್ನು ಇತಿಹಾಸಕಾರ ಪಾಲ್ ಗ್ರೀನೋ 1990ರ ದಶಕದಲ್ಲಿ ಕೆದಕಿ ಬರೆದರು. ಒಮ್ಮೆ ತೋಳು ತಿರುಚಿಸಿಕೊಂಡ ಜನ ಮುಂದಿನ ಲಸಿಕೆಗೆ ತಾವಾಗಿ ತೋಳು ಚಾಚುತ್ತಾರೆಯೇ ಎಂಬುದು ಅವರ ಆತಂಕ. ಆ ಆತಂಕ ನ್ಯಾಯವಾದದ್ದೇ. ಆದರೆ ಸೌತೆಕಾಯಿ ಎತ್ತಿದ ಪ್ರಶ್ನೆ ಅದಕ್ಕಿಂತ ಹಳೆಯದು. ರೋಗವೇ ದೇವರ ಬರವು ಎಂದು ನಂಬಿದವರ ಮನೆಗೆ ಮದ್ದು ಹಿಡಿದು ಹೋಗುವವರು ಆ ದೇವರನ್ನು ಏನು ಮಾಡಬೇಕು? ಅಲ್ಲಗಳೆಯಬೇಕೆ? ಕಾಣದವರಂತೆ ಇರಬೇಕೆ? ಇಲ್ಲ, ತಮ್ಮ ಕೆಲಸಕ್ಕೆ ದುಡಿಸಿಕೊಳ್ಳಬೇಕೆ?

ಕನ್ನಡದ ಹಳ್ಳಿಗಳಲ್ಲಿ ಈ ರೋಗವನ್ನು ಹೆಸರು ಹಿಡಿದು ಕರೆಯುವ ರೂಢಿ ಕಡಿಮೆ. ‘ಮಗೂಗೆ ಅಮ್ಮ ಆಗಿದೆ’ ಎನ್ನುತ್ತಿದ್ದರು. ಸಿಡುಬು ಹೋಯಿತು, ಮಾತು ಉಳಿಯಿತು. ನೀರು ಸಿಡುಬಿಗೂ ದಡಾರಕ್ಕೂ ಹಾಗೆನ್ನುವವರು ಇಂದಿಗೂ ಇದ್ದಾರೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರೆ ಬೀದಿಗೆಲ್ಲ ತಿಳಿಯುತ್ತಿತ್ತು: ಒಳಗೆ ಅಮ್ಮ ಇದ್ದಾಳೆ, ಹೊರಗಿನವರು ಹೊಸಿಲು ದಾಟುವಂತಿಲ್ಲ. ಒಗ್ಗರಣೆಯ ಸದ್ದಿಲ್ಲ, ಮಾಂಸ ಬೇಯುವುದಿಲ್ಲ. ಮಗುವಿಗೆ ಮೊಸರನ್ನ, ಎಳನೀರು. ಮೈ ತುರಿಸಿದರೆ ಉಗುರು ತಾಗಿಸದೆ ಬೇವಿನ ಕುಡಿಯಿಂದ ಸವರಬೇಕು. ಗುಳ್ಳೆ ಒಣಗಿದ ಮೇಲೆ ಬೇವು ಅರಿಸಿನದ ನೀರು ಹೊಯ್ದು, ಮಾರಮ್ಮನ ಗುಡಿಗೆ ತಂಪು ಒಪ್ಪಿಸಿ ಬಂದರೆ ‘ಅಮ್ಮ ಇಳಿದಳು’.

ವೈದ್ಯನೊಬ್ಬ ಇದನ್ನೆಲ್ಲ ನೋಡಿದರೆ ಅರ್ಧಕ್ಕೆ ತಲೆದೂಗುತ್ತಾನೆ: ರೋಗಿಯನ್ನು ಬೇರೆ ಇಡುವುದು, ಗುಳ್ಳೆ ಕೆರೆಯದಿರುವುದು, ನೀರಿನಂಶ ಕೊಡುವುದು. ಉಳಿದರ್ಧಕ್ಕೆ ಹಣೆ ಚಚ್ಚಿಕೊಳ್ಳುತ್ತಾನೆ, ಯಾಕೆಂದರೆ ಮಾತ್ರೆ ಕೊಟ್ಟರೆ ಅಮ್ಮ ಮುನಿಯುತ್ತಾಳೆಂದು ಮಗುವಿನ ಜ್ವರ ನೆತ್ತಿಗೇರುವವರೆಗೆ ಕಾದವರೂ ಉಂಟು. ಆದರೆ ಈ ಆಚರಣೆಯ ಬೆನ್ನಿಗಿರುವ ತತ್ತ್ವ ಅವನ ಕಣ್ಣಿಗೆ ಬೀಳುವುದು ಅಪರೂಪ. ಮಾರಮ್ಮನೇ ರೋಗ, ರೋಗದಿಂದ ಕಾಯುವವಳೂ ಅವಳೇ. ಮೈಮೇಲೆ ಬಂದವಳನ್ನು ಓಡಿಸುವುದಿಲ್ಲ. ಉಪಚರಿಸಿ, ತಂಪು ಮಾಡಿ, ಮರ್ಯಾದೆಯಿಂದ ಕಳಿಸಿಕೊಡುತ್ತಾರೆ. ಇತ್ತ ಆರೋಗ್ಯ ಇಲಾಖೆಗಳ ಭಾಷೆಯೆಲ್ಲ ಯುದ್ಧದ್ದು. ಸಿಡುಬಿನ ವಿರುದ್ಧ ಹೋರಾಟ, ಸಿಡುಬನ್ನು ಹೊಡೆದೋಡಿಸಿ. ಹೊಡೆದೋಡಿಸಬೇಕಾದ್ದು ತಾಯಿಯನ್ನು ಎಂದು ಕೇಳುವವನಿಗೆ ಆ ಗೋಡೆಬರಹ ಹೇಗೆ ಕಂಡೀತು ಎಂಬುದು ಬರೆಸಿದವರಿಗೆ ಹೊಳೆದಿರಲಿಕ್ಕಿಲ್ಲ.

ಹೊಳೆದವರೂ ಇದ್ದರು, ಅದೂ ಲಸಿಕೆ ಹುಟ್ಟುವ ಮೊದಲೇ. ಬಂಗಾಳದ ಟೀಕಾದಾರರ ಬಗ್ಗೆ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಜಾನ್ ಹಾಲ್ವೆಲ್ 1767ರಲ್ಲಿ ಲಂಡನ್ನಿನ ವೈದ್ಯರಿಗಾಗಿ ಒಂದು ವರದಿ ಬರೆದ. ಬೇಸಗೆಗೆ ಮುಂಚೆ ಊರೂರು ತಿರುಗುವ ಬ್ರಾಹ್ಮಣರು ಅವರು. ಚುಚ್ಚಿಸಿಕೊಳ್ಳುವವರು ತಿಂಗಳು ಮೊದಲೇ ಮೀನು, ಹಾಲು, ತುಪ್ಪ ಬಿಟ್ಟಿರಬೇಕು. ತೋಳನ್ನು ಸಣ್ಣಗೆ ಗೀರಿ, ಹಿಂದಿನ ವರ್ಷದ ಸಿಡುಬಿನ ಕೀವು ಹೀರಿಸಿಟ್ಟ ಹತ್ತಿಯನ್ನು ಗಂಗಾಜಲದ ಹನಿಯಲ್ಲಿ ನೆನೆಸಿ ಮೇಲೆ ಇಡುತ್ತಿದ್ದರು, ಪಠಣ ಪೂಜೆಗಳ ನಡುವೆ. ಬರುತ್ತಿದ್ದದ್ದು ನಿಜವಾದ ಸಿಡುಬೇ, ಆದರೆ ಸೌಮ್ಯ ರೂಪದಲ್ಲಿ. ನೂರಕ್ಕೆ ಒಬ್ಬಿಬ್ಬರು ಸಾಯುತ್ತಿದ್ದರು, ತಾನಾಗಿ ಬಂದರೆ ಇಪ್ಪತ್ತು ಮೂವತ್ತು. ಹಳೆಯ ಕೀವೇ ಏಕೆ ಎಂಬುದಕ್ಕೆ ಅನುಭವದ ಕಾರಣವಿತ್ತು. ಗಂಗಾಜಲ ಏಕೆ ಎಂಬುದಕ್ಕೆ ದೇವಿಯ ಕಾರಣವಿತ್ತು. ಟೀಕಾದಾರ ಮಾಡುತ್ತಿದ್ದದ್ದು ದೇವಿಯನ್ನು ತಡೆಯುವ ಕೆಲಸವಲ್ಲ. ಹೇಗೂ ಬರುವವಳನ್ನು ಒಳ್ಳೆಯ ಹೊತ್ತು ನೋಡಿ, ಮನೆ ಸಾರಿಸಿಟ್ಟು ಕರೆಯುವ ಕೆಲಸ.

1802ರ ಜೂನ್ 14ರಂದು ಮುಂಬೈಯಲ್ಲಿ ಮೂರು ವರ್ಷದ ಆ್ಯನಾ ಡಸ್ಟ್‌ಹಾಲ್ ಎಂಬ ಹುಡುಗಿಗೆ ಜೆನ್ನರನ ಗೋಸಿಡುಬಿನ ಲಸಿಕೆ ಹಾಕಿದಾಗ ಈ ದೇಶಕ್ಕೆ ಹೊಸದೊಂದು ಪದ್ಧತಿ ಕಾಲಿಟ್ಟಿತು. ಟೀಕಾದಾರನದ್ದಕ್ಕಿಂತ ಎಷ್ಟೋ ಪಾಲು ಸುರಕ್ಷಿತ, ಯಾರಿಗೂ ಸಿಡುಬು ಅಂಟಿಸದ ಪದ್ಧತಿ. ಆದರೆ ಅದರಲ್ಲಿ ದೇವಿ ಇರಲಿಲ್ಲ, ಪಥ್ಯ ಇರಲಿಲ್ಲ, ಪೂಜೆ ಇರಲಿಲ್ಲ. ಇದ್ದದ್ದು ಒಂದು ಮಗುವಿನ ತೋಳಿನಿಂದ ಇನ್ನೊಂದು ಮಗುವಿನ ತೋಳಿಗೆ ದಾಟಿಸುವ ರಸ. ರಸ ಕೊಟ್ಟ ಮಗು ಯಾವ ಜಾತಿಯದು ಎಂಬ ಪ್ರಶ್ನೆ ತಕ್ಷಣ ಎದ್ದಿತು. ಕೆಳಜಾತಿಯ ಕೂಸಿನ ತೋಳಿನ ನೀರು ನಮ್ಮ ಮಕ್ಕಳ ಮೈಗೆ ಬೇಡ ಎಂದು ಮೇಲಿನವರು ಬಾಗಿಲು ಹಾಕಿಕೊಂಡರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆರೋಗ್ಯದ ಕಾರ್ಯಕ್ರಮ ಸ್ಥಳೀಯ ಸಂಸ್ಕೃತಿಗೆ ಹೊಂದಿಕೊಳ್ಳಬೇಕು ಎಂಬ ಮಾತು ಈಗ ಎಲ್ಲ ಯೋಜನಾ ವರದಿಗಳಲ್ಲೂ ಸಲೀಸಾಗಿ ಬರುತ್ತದೆ. ಬೇವಿನ ಸೊಪ್ಪು ಸ್ಥಳೀಯ ಸಂಸ್ಕೃತಿ, ಸರಿ. ಅಸ್ಪೃಶ್ಯತೆ? ಅದೂ ಅದೇ ಊರಿನದೇ, ಅದೇ ಜನರದೇ, ಬೇವಿಗಿಂತ ಆಳಕ್ಕೆ ಬೇರು ಬಿಟ್ಟದ್ದು. ದಲಿತ ಕೇರಿಯ ದಾದಿ ಬಂದರೆ ಮಗುವನ್ನು ಒಳಗೆ ಎತ್ತಿಕೊಂಡು ಹೋಗುವ ಮನೆಗೆ ಬೇರೆ ದಾದಿಯನ್ನು ಕಳಿಸುವುದೂ ಹೊಂದಿಕೊಳ್ಳುವುದೇ ಅಲ್ಲವೇ? ಯಾರನ್ನು ಕೇಳಿ ಹೊಂದಿಕೊಳ್ಳುತ್ತೇವೆ ಎಂಬುದರಲ್ಲೇ ಎಲ್ಲ ಇದೆ. ಊರಿನ ಸಂಸ್ಕೃತಿ ಏನೆಂದು ಪೂಜಾರಿಯನ್ನು ಕೇಳಿದರೆ ಒಂದು ಉತ್ತರ, ಪಟೇಲರನ್ನು ಕೇಳಿದರೆ ಇನ್ನೊಂದು. ಮೂರನೇ ಬಾಣಂತನದಲ್ಲಿರುವ ಸೊಸೆಯನ್ನು ಕೇಳಿದರೆ ಅವಳು ಮೊದಲು ಅತ್ತೆಯ ಮುಖ ನೋಡುತ್ತಾಳೆ.

ಕಂಪನಿ ಸರ್ಕಾರದ ಕಾಲದಲ್ಲಿ ಮದ್ರಾಸಿನ ಅಧಿಕಾರಿಯೊಬ್ಬ ಯಾರನ್ನೂ ಕೇಳುವ ಗೋಜಿಗೆ ಹೋಗಲಿಲ್ಲ. ಫ್ರಾನ್ಸಿಸ್ ವೈಟ್ ಎಲ್ಲಿಸ್ ಸಾಮಾನ್ಯನಲ್ಲ. ತಮಿಳು, ತೆಲುಗು, ಕನ್ನಡಗಳು ಸಂಸ್ಕೃತದ ಮಕ್ಕಳಲ್ಲ, ಬೇರೆಯದೇ ಕುಟುಂಬ ಎಂದು 1816ರಲ್ಲೇ, ಇದೇ ವಾದಕ್ಕೆ ಹೆಸರಾದ ಕಾಲ್ಡ್‌ವೆಲ್‌ಗಿಂತ ನಾಲ್ಕು ದಶಕ ಮೊದಲು, ವಾದಿಸಿದ ವಿದ್ವಾಂಸ. ಬ್ರಾಹ್ಮಣರು ಲಸಿಕೆಗೆ ಹಿಂದೇಟು ಹಾಕುವುದನ್ನು ಕಂಡು ಆತ ಗೋಸಿಡುಬಿನ ಮಹಿಮೆ ಸಾರುವ ಸಂಸ್ಕೃತ ಪದ್ಯವೊಂದನ್ನು ತಾನೇ ಹೊಸೆದ. ಅದನ್ನು ಹಳೆಯ ಕಾಗದದಲ್ಲಿ ಬರೆಸಿ, ಪ್ರಾಚೀನ ಗ್ರಂಥದಲ್ಲಿ ಸಿಕ್ಕಿತೆಂದು ಹಬ್ಬಿಸಲಾಯಿತು. ಗೋವು ನಿಮ್ಮದೇ, ಮದ್ದು ಗೋವಿನದೇ, ಋಷಿಗಳಿಗೆ ಇದು ಮೊದಲೇ ಗೊತ್ತಿತ್ತು ಎನ್ನುವುದು ಹೂಟ. 1819ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಧನ್ವಂತರಿಯ ಹೆಸರಿನ ಗ್ರಂಥದ್ದೆಂದು ಇಂಥದೇ ಒಂದು ಭಾಗ ಅಚ್ಚಾಯಿತು. ಎಲ್ಲಿಸ್ ಸತ್ತದ್ದೂ ಅದೇ ವರ್ಷ. ಸುಳ್ಳು ಸಾಯಲಿಲ್ಲ. ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಾ, ಜೆನ್ನರನಿಗಿಂತ ಸಾವಿರಾರು ವರ್ಷ ಮೊದಲೇ ಭಾರತದಲ್ಲಿ ಲಸಿಕೆ ಇತ್ತೆಂಬುದಕ್ಕೆ ಸಾಕ್ಷಿಯಾಗಿ ನಿಂತಿತು. ವಿದ್ವಾಂಸ ಡೊಮಿನಿಕ್ ವುಜಾಸ್ಟಿಕ್ ಎಳೆ ಹಿಡಿದು ಹಿಂದಕ್ಕೆ ಹೋಗಿ ಅದರ ಬುಡ ತೋರಿಸುವ ಹೊತ್ತಿಗೆ 20ನೇ ಶತಮಾನ ಮುಗಿಯುತ್ತ ಬಂದಿತ್ತು. ಯಾರನ್ನು ನಂಬಿಸಲು ಹೊರಟರೋ ಅವರ ಎಷ್ಟು ಮಕ್ಕಳು ಆ ಪದ್ಯದಿಂದ ಲಸಿಕೆ ಹಾಕಿಸಿಕೊಂಡರೋ ಲೆಕ್ಕವಿಲ್ಲ. ಯಾರನ್ನು ನಂಬಿಸುವ ಉದ್ದೇಶವೇ ಇರಲಿಲ್ಲವೋ ಅವರು ಇಂದಿಗೂ ನಂಬುತ್ತಾರೆ.

ಅದೇ ಹೊತ್ತಿನಲ್ಲಿ ಮೈಸೂರಿನಲ್ಲಿ ಬೇರೆ ದಾರಿ ಹಿಡಿದಂತಿದೆ. ಥಾಮಸ್ ಹಿಕಿ 1805ರ ಆಸುಪಾಸಿನಲ್ಲಿ ಬರೆದ ಚಿತ್ರವೊಂದರಲ್ಲಿ ಮೂವರು ಸ್ತ್ರೀಯರಿದ್ದಾರೆ. ಬಹುಕಾಲ ನರ್ತಕಿಯರೆಂದೇ ತಿಳಿದಿದ್ದ ಇವರು ಮುಮ್ಮಡಿ ಕೃಷ್ಣರಾಜ ಒಡೆಯರ ಅರಮನೆಯ ರಾಣಿಯರು ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದರು. ಬಲಗಡೆಯವಳು, ಅವರ ಪ್ರಕಾರ ಎಳೆಯ ರಾಣಿ ದೇವಾಜಮ್ಮಣ್ಣಿ, ಸೆರಗು ಸರಿಸಿ ತೋಳನ್ನು ತೋರುತ್ತಿದ್ದಾಳೆ, ಲಸಿಕೆ ಹಾಕುವ ಜಾಗ. ಎಡಗಡೆಯವಳ ಮೂಗು ಬಾಯಿಯ ಸುತ್ತಲಿನ ಮಸುಕು ಬಣ್ಣ ಹಳೆಯ ಟೀಕಾದಾರ ಪದ್ಧತಿಯ ಗುರುತು. ಈ ಓದು ನಿಜವಾದರೆ ಅಲ್ಲಿ ಖೋಟಾ ಶ್ಲೋಕವಿಲ್ಲ. ತೆರೆಮರೆಯ ಹೆಂಗಸೊಬ್ಬಳು ತನ್ನ ತೋಳನ್ನೇ ಮುಂದೆ ಮಾಡಿದ್ದಾಳೆ.

ಎಲ್ಲಿಸನ ಪರವಾಗಿ ವಾದಿಸಲು ನಮ್ಮ ಶಾಸ್ತ್ರಗಳೇ ಸಿಗುತ್ತವೆ. ಮದುವೆ ಮನೆಯಲ್ಲಿ ಹೊಸ ಜೋಡಿಗೆ ಅರುಂಧತಿ ತೋರಿಸುತ್ತಾರಲ್ಲ, ಅದು ಕಣ್ಣಿಗೆ ಹತ್ತದಷ್ಟು ಸಣ್ಣ ಚುಕ್ಕಿ. ಮೊದಲು ಪಕ್ಕದ ದೊಡ್ಡ ನಕ್ಷತ್ರ ತೋರಿಸಿ ಅದೇ ಅರುಂಧತಿ ಅನ್ನಬೇಕು. ನೋಟ ಅಲ್ಲಿ ನೆಲೆನಿಂತ ಮೇಲೆ, ಅದಲ್ಲ, ಅದರ ಪಕ್ಕದ್ದು ಅನ್ನಬೇಕು. ಸ್ಥೂಲಾರುಂಧತೀ ನ್ಯಾಯ ಎಂದು ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಬಳಸುವ ದೃಷ್ಟಾಂತ ಇದು. ಬೌದ್ಧರ ಸದ್ಧರ್ಮಪುಂಡರೀಕ ಸೂತ್ರದಲ್ಲಿ ಉರಿಯುವ ಮನೆಯೊಳಗೆ ಆಟದಲ್ಲಿ ಮೈಮರೆತ ಮಕ್ಕಳನ್ನು ಅಪ್ಪ ಆಟದ ಬಂಡಿಗಳ ಆಸೆ ತೋರಿಸಿ ಹೊರಗೆ ಕರೆಯುತ್ತಾನೆ. ಅಪ್ಪ ಸುಳ್ಳಾಡಿದನೇ ಎಂದು ಬುದ್ಧ ಕೇಳಿದರೆ, ಇಲ್ಲ ಎನ್ನುತ್ತಾನೆ ಶಾರಿಪುತ್ರ. ಇದಕ್ಕೆ ಉಪಾಯ ಕೌಶಲ್ಯ ಎಂದು ಹೆಸರು.

ಆದರೆ ಈ ಎರಡು ದೃಷ್ಟಾಂತಗಳಲ್ಲೂ ಎಲ್ಲಿಸನಿಗೆ ಸಲ್ಲದ ಒಂದು ಅಂಶವಿದೆ. ಪುರೋಹಿತ ದೊಡ್ಡ ನಕ್ಷತ್ರದಲ್ಲೇ ನಿಲ್ಲುವುದಿಲ್ಲ, ‘ಅದಲ್ಲ’ ಎನ್ನುವ ಎರಡನೇ ಮಾತು ಆಡಿಯೇ ಆಡುತ್ತಾನೆ. ಉರಿಯುವ ಮನೆಯ ಅಪ್ಪ ಹೊರಗೆ ಬಂದ ಮಕ್ಕಳಿಗೆ ಹೇಳಿದ್ದಕ್ಕಿಂತ ದೊಡ್ಡ ಬಂಡಿಯನ್ನೇ ಕೊಡುತ್ತಾನೆ. ಎಲ್ಲಿಸನ ಪದ್ಯಕ್ಕೆ ಎರಡನೇ ಮಾತೇ ಇರಲಿಲ್ಲ.

ಮಂಡ್ಯ ಜಿಲ್ಲೆಯ ಮೆಣಸಿಕ್ಯಾತನಹಳ್ಳಿಯಲ್ಲಿ ಆ ಎರಡನೇ ಮಾತನ್ನು ಗುಡಿಯ ಮೇಲೇ ಬರೆದುಬಿಟ್ಟರು. 1997ರಲ್ಲಿ ಅಲ್ಲಿನ ಶಾಲಾ ಮೇಷ್ಟ್ರೊಬ್ಬರು ‘ಏಡ್ಸ್ ಅಮ್ಮ’ನಿಗೆ ಸಣ್ಣದೊಂದು ಗುಡಿ ಕಟ್ಟಿಸಿದರು. ಕಲಿಸುತ್ತಿದ್ದದ್ದು ವಿಜ್ಞಾನ. ಮಂತ್ರದ ಜಾಗದಲ್ಲಿ ರೋಗ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂಬ ಮಾತುಗಳು. ಪ್ಲೇಗು ಬಂದಾಗ ಪ್ಲೇಗಮ್ಮನನ್ನು ಕೂರಿಸಿದ ನಾಡಿಗೆ ಇದೇನೂ ವಿಚಿತ್ರವಲ್ಲ. ನಗುವವರು ನಕ್ಕರು, ವೈಚಾರಿಕರು ಗೊಣಗಿದರು: ಹೊಸ ಮೌಢ್ಯವೊಂದನ್ನು ವಿಜ್ಞಾನದ ಮೇಷ್ಟ್ರೇ ಹುಟ್ಟಿಸುವುದೇ? ಗೊಣಗಿದ್ದರಲ್ಲಿ ಹುರುಳಿಲ್ಲದಿಲ್ಲ. ದೇವಿ ಮುನಿದರೆ ಏಡ್ಸ್ ಬರುತ್ತದೆ ಎಂದು ಯಾರಾದರೂ ಅರ್ಥ ಮಾಡಿಕೊಂಡರೆ ರೋಗಿ ಪಾಪಿಯಾಗುತ್ತಾನೆ, ಹರಕೆ ಮದ್ದಾಗುತ್ತದೆ. ಆದರೂ ಎಲ್ಲಿಸನಿಗೂ ಮೇಷ್ಟ್ರಿಗೂ ವ್ಯತ್ಯಾಸವಿದೆ. ಮೇಷ್ಟ್ರು ಅಮ್ಮನನ್ನು ಪುರಾತನಳೆಂದು ಹೇಳಲಿಲ್ಲ. ನಿನ್ನೆ ಕಟ್ಟಿದ ಗುಡಿ ನಿನ್ನೆ ಕಟ್ಟಿದ್ದೆಂದು ಊರಿಗೆಲ್ಲ ಗೊತ್ತಿತ್ತು. ಬಾಯಿಬಿಟ್ಟು ಆಡಲಾಗದ ಮಾತಿಗೆ ಅಮ್ಮನ ಜಗಲಿ ಒಂದು ಜಾಗವಾಯಿತು, ಅಷ್ಟೆ. ಊರಿನ ನಾಲ್ಕು ಜನರ ನಡುವೆ ಕಾಂಡೋಮ್ ಎಂಬ ಪದ ಉಚ್ಚರಿಸಲು ಆ ಕಾಲದಲ್ಲಿ ಬೇರೆ ಜಾಗ ಎಲ್ಲಿತ್ತು?

ಇನ್ನೂ ಹಗುರವಾದ ದಾರಿಯೊಂದಿದೆ, ಅದಕ್ಕೆ ಹೊಸ ದೇವಿಯೂ ಬೇಕಿಲ್ಲ. 2014ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ ಎಬೋಲಾ ಹಬ್ಬಿತು. ಸತ್ತವರ ಮೈಯಲ್ಲಿ ವೈರಾಣು ತುಂಬಿರುತ್ತದೆ. ಹೆಣಕ್ಕೆ ಸ್ನಾನ ಮಾಡಿಸುವುದು ಅಲ್ಲಿನ ಮುಸಲ್ಮಾನರಿಗೆ ಬಿಡಲಾಗದ ಕರ್ತವ್ಯ. ಬಿಳಿ ರಕ್ಷಾಕವಚ ತೊಟ್ಟವರು ಬಂದು ಹೆಣವನ್ನು ಚೀಲದಲ್ಲಿ ಕಟ್ಟಿ ಒಯ್ದರೆ ಮನೆಯವರು ರೋಗಿಗಳನ್ನೇ ಬಚ್ಚಿಟ್ಟರು. ಸೆಪ್ಟೆಂಬರಿನಲ್ಲಿ ಗಿನಿಯ ವೋಮೆ ಎಂಬ ಊರಿನಲ್ಲಿ ಜಾಗೃತಿಗೆ ಹೋದ ತಂಡದ ಎಂಟು ಮಂದಿಯನ್ನು ಕೊಂದರು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಧಾರ್ಮಿಕ ಸಂಸ್ಥೆಗಳ ಜೊತೆ ಕೂತು ಶವಸಂಸ್ಕಾರದ ವಿಧಾನವನ್ನು ತಿದ್ದಿ ಬರೆಯಿತು. ಇಸ್ಲಾಮಿನಲ್ಲೇ ತಯಮ್ಮುಮ್ ಎಂಬ ವಿಧಿಯಿದೆ: ನೀರು ಸಿಗದಿದ್ದರೆ, ನೀರು ಬಳಸಿದರೆ ಕೇಡಾಗುವುದಾದರೆ, ಶುದ್ಧವಾದ ಮಣ್ಣಿನಿಂದ ಮಾಡುವ ಒಣ ಶುದ್ಧಿ. ಅದನ್ನು ಚೀಲದ ಮೇಲಿನಿಂದಲೂ ಮಾಡಬಹುದೆಂದಾಯಿತು. ಬಿಳಿ ಬಟ್ಟೆಯ ಕಫನ್, ದೂರ ನಿಂತು ಪ್ರಾರ್ಥಿಸುವ ಇಮಾಮ್, ಗೋರಿ ತೋಡಲು ಮನೆಯವರು. ಸುರಕ್ಷಿತ ಎಂಬ ಮಾತಿನ ಜೊತೆಗೆ ಗೌರವದ ಎಂಬ ಮಾತೂ ಸೇರಿತು.

ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಬಾಗಿಲು ಮನೆಯಲ್ಲೇ ಇತ್ತು. ತಟ್ಟಿದರು, ಒಳಗಿನವರು ತೆಗೆದರು. ಅಷ್ಟು ಮಾಡಲು ಸಾವಿರಾರು ಹೆಣ ಬೀಳುವವರೆಗೆ ಕಾದದ್ದೇಕೆ ಎಂಬುದು ಬೇರೆ ಪ್ರಶ್ನೆ. 1897ರ ಪುಣೆಯಲ್ಲಿ ಪ್ಲೇಗಿನ ತಪಾಸಣೆಗೆ ಸೈನಿಕರನ್ನು ದೇವರ ಕೋಣೆಗೂ ನುಗ್ಗಿಸಿದ ರ‍್ಯಾಂಡ್ ಎಂಬ ಅಧಿಕಾರಿಗೆ ಚಾಪೇಕರ್ ಸಹೋದರರು ಗುಂಡಿಟ್ಟ ಕತೆ ಆರೋಗ್ಯ ಇಲಾಖೆಗಳಿಗೆ ಗೊತ್ತಿಲ್ಲದ್ದೇನಲ್ಲ.

ಎಲ್ಲ ಹೊಂದಾಣಿಕೆಯೂ ಇಷ್ಟು ಗಂಭೀರವಾಗಿರಬೇಕಿಲ್ಲ. ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆ ಉಷ್ಣ ಎಂದು ಎಷ್ಟೋ ಮನೆಗಳಲ್ಲಿ ಅದು ಡಬ್ಬಿಯಲ್ಲೇ ಉಳಿಯುತ್ತದೆ. ಉಷ್ಣ ಗಿಷ್ಣ ಏನಿಲ್ಲ ಎಂದು ಗದರಿದರೆ ಮಾತ್ರೆ ಹೊಟ್ಟೆಗೆ ಹೋಗುವುದಿಲ್ಲ. ತಂಪಿಗೆ ಮಜ್ಜಿಗೆ ಜೊತೆ ನುಂಗಿ ಎಂದರೆ ಹೊಟ್ಟೆಗೇನೋ ಹೋಗುತ್ತದೆ, ಮೈಗೆ ಹತ್ತುವುದಿಲ್ಲ. ಮಜ್ಜಿಗೆಯ ಸುಣ್ಣದಂಶ ಕಬ್ಬಿಣಕ್ಕೆ ಅಡ್ಡಿ. ನಿಂಬೆ ಪಾನಕದ ಜೊತೆ ತಗೋ ತಾಯಿ ಎನ್ನುವ ಆಶಾ ಕಾರ್ಯಕರ್ತೆಯ ಮಾತು ಎರಡೂ ಶಾಸ್ತ್ರಕ್ಕೆ ಸರಿ. ಪಾನಕ ಮನೆಯವರ ಲೆಕ್ಕದಲ್ಲಿ ತಂಪು, ವೈದ್ಯರ ಲೆಕ್ಕದಲ್ಲಿ ಕಬ್ಬಿಣ ಹೀರಲು ನೆರವಾಗುವ ಸಿ ಜೀವಸತ್ವ.

ಕೊನೆಗೆ, ಊರಿನವರ ದೈವಭಾಷೆ ವೈದ್ಯರ ಭಾಷೆಗಿಂತ ಮುಂದೆ ಹೋದ ಒಂದು ಪ್ರಸಂಗ. ಮಂಗನ ಕಾಯಿಲೆಯ ವೈರಾಣು ಪತ್ತೆಯಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. 1982-83ರಲ್ಲಿ ಅದು ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನಲ್ಲಿ ಎದ್ದಿತು. ಅಲ್ಲಿ ಗೇರು ತೋಟಕ್ಕೆಂದು ಕಾಡು ಸವರಿದ್ದರು. ಊರಿನ ಕೆಲವರ ಮಾತು ಹೀಗಿತ್ತು: ಕಾಡು ದೈವಗಳ ನೆಲೆ, ನೆಲೆ ಕಳೆದುಕೊಂಡ ದೈವ ಮುನಿದಿದೆ. ಆ ಸೀಮೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಈ ಬಗ್ಗೆ ಬರೆದಾಗ ಅದನ್ನು ಅಭಿವೃದ್ಧಿಯ ಕಾಯಿಲೆ ಎಂದೇ ಕರೆದರು. ಕಾಡು ಕಡಿದಲ್ಲಿ ಮಂಗ, ಉಣುಗು, ದನ, ಮನುಷ್ಯ ಒಂದೇ ಅಂಚಿಗೆ ಬಂದು ನಿಲ್ಲುತ್ತವೆ. ಸೋಂಕು ಅಲ್ಲಿ ದಾಟುತ್ತದೆ. ದೈವ ಮುನಿಯಿತು ಎಂದವರೂ ಕಾಡಂಚು ಕದಡಿತು ಎಂದವರೂ ಬೆರಳು ತೋರಿಸಿದ್ದು ಅದೇ ಬೋಳು ಗುಡ್ಡದ ಕಡೆಗೆ. ಇಲ್ಲಿ ಹೊಂದಿಕೊಳ್ಳಬೇಕಾದವರು ಯಾರು? ದೈವದ ಮಾತಿಗೆ ಇಲಾಖೆ ಹೊಂದಿಕೊಳ್ಳುವುದೆಂದರೆ ಕೋಲಕ್ಕೆ ಹಣ ಕೊಡುವುದಲ್ಲ, ಇನ್ನೊಂದು ಗುಡ್ಡ ಬೋಳಿಸುವ ಮುಂಚೆ ಕಡತ ತಡೆದು ನಿಲ್ಲಿಸುವುದು. ಆ ಕಡತವಿರುವುದು ಬೇರೆ ಇಲಾಖೆಯ ಮೇಜಿನ ಮೇಲೆ.

ಮಂಗನ ಕಾಯಿಲೆಗೆ ದಶಕಗಳ ಕಾಲ ಕೊಟ್ಟ ಲಸಿಕೆ ಸಾಕಷ್ಟು ಕೆಲಸ ಮಾಡುವುದಿಲ್ಲವೆಂದು ಈಚೆಗೆ ನಿಲ್ಲಿಸಿದ್ದಾರೆ. ಚಳಿಗಾಲ ಮುಗಿಯುವ ಹೊತ್ತಿಗೆ ಮಲೆನಾಡಿನ ಮನೆಗಳಿಗೆ ಆಶಾ ಕಾರ್ಯಕರ್ತೆಯರು ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚುವ ತೈಲದ ಬಾಟಲಿ ಹಂಚುತ್ತಾರೆ, ಮಂಗ ಸತ್ತ ಕಡೆ ಹೋಗಬೇಡಿ ಅನ್ನುತ್ತಾರೆ. ಕೊಟ್ಟಿಗೆಗೆ ಸೊಪ್ಪು ತರಗೆಲೆ ಬೇಕಲ್ಲ, ಕಾಡಿಗೆ ಹೋಗದೆ ಹೇಗೆ ಮಾರಾಯ್ತಿ ಎಂದು ಮನೆಯವರು ಕೇಳುತ್ತಾರೆ. ಅವಳೂ ಅದೇ ಊರಿನವಳು. ಅವಳ ಮನೆಯ ಕೊಟ್ಟಿಗೆಗೂ ಸೊಪ್ಪು ಬರಬೇಕಾದ್ದು ಅದೇ ಕಾಡಿನಿಂದ.